ಅಂಕಗಳ ಸಾಕ್ಷ್ಯ

ಗ್ರಾಹಕರ ತೃಪ್ತಿಯನ್ನು ಅಂಕಗಳಲ್ಲಿ ಅಳೆಯುವ ಪದ್ಧತಿ ಇಂದು ಎಲ್ಲೆಡೆ ಹಬ್ಬಿದೆ. 2003ರಲ್ಲಿ ಅಮೆರಿಕದ ಫ್ರೆಡ್ ರೈಕ್‌ಹೆಲ್ಡ್ ಪ್ರಚಾರಕ್ಕೆ ತಂದ ಕ್ರಮದಂತೆ, ಹತ್ತರಲ್ಲಿ 9 ಅಥವಾ 10 ಕೊಟ್ಟವನು ಪ್ರಶಂಸಕ. 6 ಅಥವಾ ಅದಕ್ಕೂ ಕಡಿಮೆ ಕೊಟ್ಟವನು ನಿಂದಕ. ನಮ್ಮ ಶಾಲೆಗಳಲ್ಲಿ ಶೇಕಡಾ 60 ಪ್ರಥಮ ದರ್ಜೆ. ಇಲ್ಲಿ ಅದು ನಿಂದೆ!

ಶಿರೂರಿನ ನಮ್ಮ ಮನೆಗೆ ಬಟ್ಟೆ ಒಗೆಯುವ ಯಂತ್ರದ ರಿಪೇರಿಗೆ ಬಂದ ಹುಡುಗ ಹೊರಡುವಾಗ, “ಹತ್ತೇ ಕೊಡಿ ಮಾರಾಯ್ರೆ, ಕಮ್ಮಿ ಆರೆ ನನ್ನ ಸಂಬ್ಳಕ್ಕೆ ಪೆಟ್ಟ್” ಎಂದನು. ಬಿಡಿಭಾಗ ಕಳುಹಿಸಲು ತಿಂಗಳು ತಡಮಾಡಿದ್ದು ಕಂಪನಿ, ಅವನಲ್ಲ. ಹತ್ತನ್ನೇ ಕೊಟ್ಟೆನು. ಆ ಅಂಕ ಅಳೆದದ್ದು ಕಂಪನಿಯ ಸೇವೆಯನ್ನಲ್ಲ, ಹುಡುಗನ ಮೇಲಿನ ಕನಿಕರವನ್ನು.

ದುಡಿಯುವವನ ಅನ್ನವನ್ನು ಅಂಕಕ್ಕೆ ಕಟ್ಟಿದಲ್ಲಿ ಗ್ರಾಹಕನ ನಾಲಿಗೆಯೂ ಕಟ್ಟಿಹೋಗುತ್ತದೆ. ಆ ಗಂಟು ಬಿಚ್ಚುವವರೆಗೆ ಇಂಥ ಸಾಕ್ಷ್ಯವನ್ನು ನಂಬಲಾಗದು.