ಎದುರು ಪಾಳೆಯದ ಸಾಕ್ಷಿ

ಲಿಂಗರಾಜಪುರದ ನಮ್ಮ ಓಣಿಗೆ ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರ ದೂರವೇನಲ್ಲ. ಸೈನ್ಯದಿಂದ ನಿವೃತ್ತರಾದ ಹಿರಿಯರ ನಡುವೆ ಬೆಳೆದ ನಮಗೆ ಯುದ್ಧದ ಮಾತು ಚಹಾದ ಜೊತೆಗೇ ಬರುತ್ತಿತ್ತು. 1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ನಾವು ಕಾಲೇಜು ಹುಡುಗರು. ‘ನೀವು ಯಾರ ಕಡೆ?’ ಎಂದು ಸಹಪಾಠಿಯೊಬ್ಬ ನಗುತ್ತಲೇ ಕೇಳಿದ. ನಾವು ತಟ್ಟನೆ ಅಬ್ದುಲ್ ಹಮೀದರ ಹೆಸರು ಹೇಳಿದೆವು. 1965ರ ಸೆಪ್ಟೆಂಬರ್ 10ರಂದು ಖೇಮ್‌ಕರಣ್ ಬಳಿ, ಜೀಪಿಗೆ ಜೋಡಿಸಿದ ತೋಪಿನಿಂದ ಪಾಕಿಸ್ತಾನದ ಟ್ಯಾಂಕುಗಳನ್ನು ಉರುಳಿಸಿ ಮಡಿದವರು. ಮರಣೋತ್ತರ ಪರಮವೀರ ಚಕ್ರ ಪಡೆದವರು. ಅವನು ಸುಮ್ಮನಾದ. ಆದರೆ ಸತ್ತವರೊಬ್ಬರನ್ನು ಗುರುತಿನ ಚೀಟಿಯಂತೆ ಜೇಬಿನಿಂದ ತೆಗೆದು ತೋರಿಸಿದೆವಲ್ಲ ಎಂದು ನಮಗೇ ನಾಚಿಕೆಯಾಯಿತು.

ಅದೇ ಯುದ್ಧದ ಇನ್ನೊಂದು ಕತೆ ನಮ್ಮ ಕಿವಿಗೆ ಬಿದ್ದದ್ದು ತಡವಾಗಿ. ಹಮೀದರು ಮಡಿಯುವ ಮೂರು ದಿನ ಮೊದಲು, ಸೆಪ್ಟೆಂಬರ್ 7ರಂದು, ನಮ್ಮ ವಾಯುಪಡೆ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿ ಮಾಡಿತು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಆ ತಂಡದಲ್ಲಿ ಬದಲಿಗೆಂದು ಇದ್ದವರು. ಒಂದು ವಿಮಾನ ಹಿಂದುಳಿದಾಗ ಅವರ ಸರದಿ ಬಂತು. ಮರಳುವ ದಾರಿಯಲ್ಲಿ ಅಮ್ಜದ್ ಹುಸೇನ್ ಎಂಬ ಪೈಲಟ್‌ನ ಸ್ಟಾರ್‌ಫೈಟರ್ ಎರಗಿತು. ದೇವಯ್ಯನವರ ಮಿಸ್ಟೇರ್ ಅದಕ್ಕಿಂತ ಎಷ್ಟೋ ನಿಧಾನದ ವಿಮಾನ. ಆದರೂ ಪೆಟ್ಟು ತಿಂದ ಅದರಲ್ಲೇ ತಿರುಗಿ ಕಾದಾಡಿ ಸ್ಟಾರ್‌ಫೈಟರನ್ನು ಕೆಡವಿದರು. ಅಮ್ಜದ್ ಪ್ಯಾರಾಶೂಟಿನಲ್ಲಿ ಇಳಿದು ಬದುಕಿದರು. ದೇವಯ್ಯ ಮರಳಲಿಲ್ಲ.

ಹಮೀದರ ಸಾಹಸವನ್ನು ಕಂಡ ಜೊತೆಗಾರರಿದ್ದರು. ದೇವಯ್ಯ ಆಕಾಶದಲ್ಲಿ ಒಂಟಿ. ಇಲ್ಲಿಯ ಕಡತದಲ್ಲಿ ಅವರು ಬರೀ ‘ಕಾಣೆಯಾದವರು’. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್, ಪಾಕಿಸ್ತಾನಿ ವಾಯುಪಡೆಯ ನೆರವಿನಿಂದ ಆ ಯುದ್ಧದ ಪುಸ್ತಕ ಪ್ರಕಟಿಸಿದರು. ತಮ್ಮ ಸ್ಟಾರ್‌ಫೈಟರ್ ಮಿಸ್ಟೇರ್ ಜೊತೆಗಿನ ಕಾಳಗದಲ್ಲಿ ಬಿತ್ತೆಂದು ಅತ್ತಕಡೆಯವರೇ ಒಪ್ಪಿದ್ದು ಅದರಲ್ಲಿತ್ತು. ಮರಳಿದವರಲ್ಲಿ ಯಾರೂ ಆ ಕಾಳಗ ಮಾಡಿರಲಿಲ್ಲ. ಉಳಿದವರು ದೇವಯ್ಯ ಒಬ್ಬರೇ. ದಾಳಿಯ ಮುಂದಾಳು ಓ.ಪಿ. ತನೇಜಾ ಪಟ್ಟುಹಿಡಿದು ಬರೆದರು. 1988ರಲ್ಲಿ, ಇಪ್ಪತ್ಮೂರು ವರ್ಷಗಳ ನಂತರ, ಮಹಾವೀರ ಚಕ್ರ ಬಂತು. ಪತ್ನಿ ಅದನ್ನು ಸ್ವೀಕರಿಸಿದರು.

ಅರಬ್ಬಿಯಲ್ಲಿ ‘ಶಹೀದ್’ ಮತ್ತು ‘ಶಾಹಿದ್’ ಒಂದೇ ಬೇರಿನ ಪದಗಳು. ಎರಡರಲ್ಲೂ ಸಾಕ್ಷಿಯ ಅರ್ಥವಿದೆ. ಮದ್ರಸಾದಲ್ಲಿ ಇದನ್ನು ಬಾಯಿಪಾಠ ಮಾಡಿದ್ದ ನಮಗೆ ಅದು ತಿಳಿದದ್ದು ದೇವಯ್ಯನವರಿಂದ. ಒಬ್ಬ ಕೊಡವ ವೀರನಿಗೆ ಸಾಕ್ಷಿ ಬಂದದ್ದು ಎದುರು ಪಾಳೆಯದಿಂದ. ಅವರ ದೇಹವನ್ನು ಅಲ್ಲಿಯ ಹಳ್ಳಿಗರೇ ಹೊಲದಲ್ಲಿ ಮಣ್ಣು ಮಾಡಿದರಂತೆ. ತನ್ನವರ ಸೋಲನ್ನು ಒಪ್ಪಿಯಾದರೂ ನಿಜ ಹೇಳುವುದು ದೇಶದ್ರೋಹವಲ್ಲ, ನ್ಯಾಯ.

ಈಗ ನಮ್ಮ ಮಕ್ಕಳಿಗೆ ಹಮೀದರ ಕತೆ ಹೇಳುವಾಗ ದೇವಯ್ಯನವರದನ್ನೂ ಸೇರಿಸಿ ಹೇಳುತ್ತೇವೆ. ಯಾರ ಪ್ರಶ್ನೆಗೂ ಉತ್ತರವಾಗಿ ಅಲ್ಲ. ಇಬ್ಬರೂ ನಮ್ಮವರು, ಅಷ್ಟೇ.