ಹೊಸ್ತಿಲಿನೊಳಗಿನ ತುಕ್ಕು

ಕಳೆದ ತಿಂಗಳು ಒಂದು ಭಾನುವಾರ, ಪೂಜೆ ಮುಗಿದ ಮೇಲೆ, ನಮ್ಮ ಧರ್ಮಕೇಂದ್ರದ ಕುಟುಂಬವೊಂದು ತಾವು ಕೊಂಡ ಹೊಸ ಕಾರನ್ನು ಆಶೀರ್ವದಿಸಲು ನನ್ನನ್ನು ಕರೆಯಿತು. ದೇವಾಲಯದ ಅಂಗಳದಲ್ಲಿ ಹೂವಿನ ಹಾರ ತೊಟ್ಟು ನಿಂತಿದ್ದ ಆ ಕಾರಿನ ಮುಂಭಾಗದಲ್ಲಿ ಎಂಟು ಮೂಲೆಗಳ ಲಾಂಛನ. ಅದರೊಳಗೆ ‘ಎಂಜಿ’ ಎಂಬ ಎರಡು ಅಕ್ಷರ. ಪವಿತ್ರ ಜಲ ಚಿಮುಕಿಸಲು ಎತ್ತಿದ ನನ್ನ ಕೈ ಒಂದು ಕ್ಷಣ ಹಾಗೆಯೇ ನಿಂತಿತು. “ಏನಾಯಿತು ಫಾದರ್?” ಎಂದು ಮನೆಯೊಡತಿ ಕೇಳಿದರು. “ಏನಿಲ್ಲಮ್ಮ, ಹಳೆಯ ಪರಿಚಯ” ಎಂದೆ. ಆ ಪರಿಚಯದ ಕಥೆಯನ್ನು ನಾನು ಇದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿದವನಲ್ಲ. ಇಂದು ಹೇಳಬೇಕೆನಿಸುತ್ತಿದೆ.

ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. 1920ರ ದಶಕದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಲ್ಲಿ ಹುಟ್ಟಿದ ಹೆಸರು ಅದು. ಇಂದು ಅದರ ಒಡೆತನ ಚೀನಾದ ಸಂಸ್ಥೆಯೊಂದಕ್ಕೆ ಸೇರಿದೆ. 2019ರಿಂದ ಗುಜರಾತಿನ ಹಾಲೋಲ್‌ನಲ್ಲಿ ಕಾರುಗಳು ತಯಾರಾಗಿ ನಮ್ಮ ರಸ್ತೆಗಳಿಗೂ ಬಂದಿವೆ. ಆದರೆ ನಾನು ಬಾಲ್ಯದಲ್ಲಿ ಕಂಡ ಎಂಜಿ ಬೇರೆಯೇ. ಮಲೆನಾಡಿನ ನಮ್ಮ ಊರಿನ ಚರ್ಚಿಗೆ ಕಾಫಿ ತೋಟದ ಮಾಲೀಕರೊಬ್ಬರು ಕ್ರಿಸ್ಮಸ್ಸಿನ ದಿನ ಒಂದು ಪುಟ್ಟ ಕೆಂಪು ಕಾರಿನಲ್ಲಿ ಬರುತ್ತಿದ್ದರು. ನೆಲಕ್ಕೆ ಅಂಟಿದಂತೆ ಓಡುವ, ಇಬ್ಬರೇ ಕೂರುವ ಆ ಕಾರನ್ನು ಮುಟ್ಟಿ ನೋಡಲು ನಾವು ಹುಡುಗರು ಪೂಜೆ ಮುಗಿಯುವುದನ್ನೇ ಕಾಯುತ್ತಿದ್ದೆವು. ಗುರುಮಠ ಸೇರಿದ ಮೇಲೆ ಎಷ್ಟೋ ಆಸೆಗಳನ್ನು ಬಿಟ್ಟೆ. ಆ ಕೆಂಪು ಕಾರು ಮಾತ್ರ ಮನಸ್ಸಿನ ಯಾವುದೋ ಮೂಲೆಯಲ್ಲಿ ನಿಂತೇ ಇತ್ತು.

2008ರಲ್ಲಿ ನನ್ನನ್ನು ಮೂರು ವರ್ಷಗಳ ಸೇವೆಗಾಗಿ ಇಂಗ್ಲೆಂಡಿನ ಒಂದು ಧರ್ಮಕೇಂದ್ರಕ್ಕೆ ಕಳುಹಿಸಲಾಯಿತು. ಎರಡು ದೇವಾಲಯ, ಒಂದು ಆಸ್ಪತ್ರೆ, ದೂರದೂರದ ಮನೆಗಳಲ್ಲಿ ಒಂಟಿಯಾಗಿರುವ ವೃದ್ಧರು. ಕಾರಿಲ್ಲದೆ ಕೆಲಸ ಸಾಗುವಂತಿರಲಿಲ್ಲ. ಕೈಯಲ್ಲಿದ್ದ ಹಣಕ್ಕೆ ಒಂದು ಸಾಧಾರಣ ಸಣ್ಣ ಕಾರು ಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸ್ಥಳೀಯ ಪತ್ರಿಕೆಯಲ್ಲಿ ಒಂದು ಜಾಹೀರಾತು ಕಂಡೆ: 1976ರ ಎಂಜಿಬಿ ಜಿಟಿ, ಕಡು ಹಸಿರು ಬಣ್ಣ, ಬೆಲೆ 1,400 ಪೌಂಡ್.

ಎಂಜಿಬಿ ಎಂಬ ಕಾರು 1962ರಿಂದ 1980ರವರೆಗೆ ಆಕ್ಸ್‌ಫರ್ಡಿನ ಸಮೀಪದ ಆಬಿಂಗ್ಡನ್ ಪಟ್ಟಣದಲ್ಲಿ ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಅಲ್ಲಿಂದ ಹೊರಬಂದವು. ಶ್ರೀಮಂತರ ಕಾರಲ್ಲ ಅದು; ಸಾಮಾನ್ಯರೂ ಆಸೆಪಡಬಹುದಾದ ಸ್ಪೋರ್ಟ್ಸ್ ಕಾರು. 1965ರಲ್ಲಿ ಬಂದ ಅದರ ಜಿಟಿ ಮಾದರಿಗೆ ಇಟಲಿಯ ಪಿನಿನ್‌ಫರೀನಾ ಸಂಸ್ಥೆ ರೂಪಿಸಿದ ಅಂದವಾದ ಸ್ಥಿರ ಛಾವಣಿ. 1974ರ ಕೊನೆಯಲ್ಲಿ ಅಮೆರಿಕದ ಸುರಕ್ಷತಾ ನಿಯಮಗಳಿಗಾಗಿ ಹೊಳೆಯುವ ಲೋಹದ ಬಂಪರುಗಳನ್ನು ತೆಗೆದು ದಪ್ಪನೆಯ ಕಪ್ಪು ರಬ್ಬರಿನಂಥ ಬಂಪರುಗಳನ್ನು ಜೋಡಿಸಿ, ಕಾರನ್ನು ತುಸು ಎತ್ತರಿಸಿದರು. ಅಭಿಮಾನಿಗಳಿಗೆ ಅದು ಹಿಡಿಸಲಿಲ್ಲ. ಹಾಗಾಗಿಯೇ ಆ ವರ್ಷಗಳ ಕಾರುಗಳು ಅಗ್ಗ. ಹಾಗಾಗಿಯೇ ಅದು ನನ್ನ ಕೈಗೆಟುಕಿತು.

ನೋಡಲು ಹೋದಾಗ ಬಣ್ಣ ಫಳಫಳ ಹೊಳೆಯುತ್ತಿತ್ತು. ಕೀಲಿ ತಿರುಗಿಸಿದೊಡನೆ ಹಿಂಭಾಗದಲ್ಲಿ ಪೆಟ್ರೋಲ್ ಪಂಪು ಟಿಕ್ ಟಿಕ್ ಎಂದಿತು. 1,798 ಸಿಸಿಯ ಎಂಜಿನ್ ಗಂಭೀರವಾಗಿ ಗುಡುಗಿತು. ನಾನು ಕೇಳಿದ್ದು ಆ ಸದ್ದನ್ನು, ನೋಡಿದ್ದು ಆ ಹೊಳಪನ್ನು. ಬಗ್ಗಿ ಕೆಳಗೆ ನೋಡಲಿಲ್ಲ. ಹಣ ಎಣಿಸಿಕೊಟ್ಟು ಕಾರು ತಂದೆ.

ನಮ್ಮ ಧರ್ಮಕೇಂದ್ರದಲ್ಲಿ ಕಾರು ಕಾರ್ಖಾನೆಯಲ್ಲಿ ವೆಲ್ಡರ್ ಆಗಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದರು. ಮುಂದಿನ ಭಾನುವಾರ ಅವರು ಜೇಬಿನಿಂದ ಒಂದು ಪುಟ್ಟ ಅಯಸ್ಕಾಂತವನ್ನು ತೆಗೆದು ಬಾಗಿಲಿಗೆ ಹಿಡಿದರು. ಅಂಟಿಕೊಂಡಿತು. ಬಾಗಿಲಿನ ಕೆಳಗೆ ಹಿಡಿದರು. ಜಾರಿ ನೆಲಕ್ಕೆ ಬಿತ್ತು. “ಇದು ಕಬ್ಬಿಣವಲ್ಲ ಫಾದರ್, ಬರೀ ಪುಟ್ಟಿ” ಎಂದರು. ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲನೆ ಒತ್ತಿದರು. ಅದು ಬೆಣ್ಣೆಯಲ್ಲಿ ಇಳಿದಂತೆ ಒಳಗಿಳಿಯಿತು. ಹೊರಬಂದದ್ದು ಕಂದು ಬಣ್ಣದ ಪುಡಿ.

ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಬಾಗಿಲಿನಡಿಯಲ್ಲಿ ಸಾಗುವ ಪೆಟ್ಟಿಗೆಯಂಥ ಆ ಭಾಗವನ್ನು ಇಂಗ್ಲಿಷರು ‘ಸಿಲ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೊಸ್ತಿಲು. ಲಾರಿಗಾದರೆ ಭಾರ ಹೊರಲು ಕೆಳಗೆ ಚಾಸಿಯೆಂಬ ಪ್ರತ್ಯೇಕ ಚೌಕಟ್ಟು ಇರುತ್ತದೆ. ಎಂಜಿಬಿಗೆ ಅದಿಲ್ಲ, ಒಡಲೇ ಬೆನ್ನೆಲುಬು. ಆ ಬೆನ್ನೆಲುಬಿನ ಮುಖ್ಯ ಬಲವಿರುವುದು ಎರಡು ಹೊಸ್ತಿಲುಗಳಲ್ಲಿ. ಚಳಿಗಾಲದಲ್ಲಿ ಹಿಮ ಕರಗಿಸಲು ಅಲ್ಲಿನ ರಸ್ತೆಗಳಿಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಒಳಗೆ ಸೇರಿ ಮೂವತ್ತು ವರ್ಷ ತಗಡನ್ನು ತಿಂದಿತ್ತು. ಯಾರೋ ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು.

ಆ ಹಿರಿಯರ ಶೆಡ್ಡಿನಲ್ಲಿ ಶನಿವಾರಗಳಂದು ದುರಸ್ತಿ ಆರಂಭವಾಯಿತು. ಎಡಗಡೆಯ ಹೊಸ್ತಿಲನ್ನು ಕತ್ತರಿಸುವ ಮುನ್ನ ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಸರಳುಗಳನ್ನು ಬೆಸೆದರು. ಇಲ್ಲವಾದರೆ ಕಾರು ನಡುವೆ ಕುಸಿದು ಬಾಗಿಲು ಮತ್ತೆ ಸರಿಯಾಗಿ ಮುಚ್ಚದು. ಅನಂತರ ಹೊರ ತಗಡು, ನಡು ತಗಡು, ಒಳ ತಗಡು, ಹೀಗೆ ಒಂದೊಂದೇ ಪದರವನ್ನು ತೆಗೆಯುತ್ತಾ ಹೋದರು. “ಇಷ್ಟು ಸಾಕಲ್ಲವೇ?” ಎಂದು ನಾನು ಆಗಾಗ ಕೇಳುತ್ತಿದ್ದೆ. “ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಬೇಕು ಫಾದರ್. ತುಕ್ಕಿಗೆ ಬೆಸುಗೆ ಅಂಟುವುದಿಲ್ಲ” ಎನ್ನುತ್ತಿದ್ದರು. ಹೊಸ ತಗಡುಗಳಿಗೆ ಕೊರತೆಯಿರಲಿಲ್ಲ. ಆ ಕಾರಿನ ಇಡೀ ಒಡಲನ್ನೇ 1988ರಿಂದ ಮತ್ತೆ ತಯಾರಿಸುವಷ್ಟು ಬೇಡಿಕೆ ಆ ದೇಶದಲ್ಲಿತ್ತು. ನಾನು ಅವರಿಂದ ಕಾರ್ಬೊರೇಟರಿನ ಮೇಲ್ಭಾಗಕ್ಕೆ ಎಣ್ಣೆ ಹಾಕುವುದನ್ನು ಕಲಿತೆ. ಮುಷ್ಕರ ಹೂಡಿದ ಪೆಟ್ರೋಲ್ ಪಂಪನ್ನು ಸ್ಪ್ಯಾನರಿನಿಂದ ತಟ್ಟಿ ಎಬ್ಬಿಸುವುದನ್ನೂ ಕಲಿತೆ. ಒಮ್ಮೆ ಮರಣಶಯ್ಯೆಯಲ್ಲಿದ್ದವರ ಬಳಿಗೆ ಧಾವಿಸುವಾಗ, ಮಳೆಯಲ್ಲಿ ನಿಂತು ಹಾಗೆ ತಟ್ಟಿದ್ದೂ ಉಂಟು.

ಎಡಗಡೆ ಮುಗಿಯುವಷ್ಟರಲ್ಲಿ ಚಳಿಗಾಲ ಕಳೆಯಿತು. ಹಿರಿಯರು ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಿದರು. ವಾರ್ಷಿಕ ಪರೀಕ್ಷೆಯ ದಿನ ಹತ್ತಿರವಾಗಿತ್ತು. ಬಲಗಡೆಯ ಹೊಸ್ತಿಲನ್ನು ನಾನು ಒಂದು ಗ್ಯಾರೇಜಿಗೆ ಒಪ್ಪಿಸಿದೆ. ಅವರು ಹಳೆಯ ಹೊಸ್ತಿಲನ್ನು ಕತ್ತರಿಸಲಿಲ್ಲ. ಕೊಳೆತದ್ದರ ಮೇಲೆಯೇ ಹೊಸ ತಗಡೊಂದನ್ನು ಹೊದಿಸಿ ಬೆಸೆದರು. ಕಡಿಮೆ ಖರ್ಚು, ಒಂದೇ ದಿನದ ಕೆಲಸ. ಕಾರು ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಒಳಗೇನಿದೆ ಎಂಬುದು ನನಗೆ ಗೊತ್ತಿತ್ತು.

2011ರಲ್ಲಿ ಊರಿಗೆ ಮರಳುವ ಆದೇಶ ಬಂದಾಗ ಕಾರನ್ನು ಮಾರಲು ಹೊರಟೆ. ಊರಿನಲ್ಲಿ ನನ್ನ ತಾಯಿ ಒಬ್ಬರೇ ಇದ್ದ ಹಳೆಯ ಮನೆಯ ಹೆಂಚಿನ ಮಾಡು ಸೋರುತ್ತಿತ್ತು. ಬರುವ ಹಣ ಅದಕ್ಕೆಂದು ಲೆಕ್ಕ ಹಾಕಿದ್ದೆ. ಕೊಳ್ಳಲು ಬಂದವನು ಇಪ್ಪತ್ತೈದರ ತರುಣ. ಬಹಳ ಕಾಲದಿಂದ ಉಳಿಸಿದ ಹಣ ಅವನದು. ಕಾರಿನ ಮೈಯನ್ನು ಅವನು ಸವರಿದ ರೀತಿಯಲ್ಲಿ, ಚರ್ಚಿನ ಅಂಗಳದಲ್ಲಿ ಆ ಕೆಂಪು ಕಾರನ್ನು ಮುಟ್ಟುತ್ತಿದ್ದ ನಾನೇ ಕಂಡೆ.

“ಹೊಸ್ತಿಲುಗಳು ಹೇಗಿವೆ ಫಾದರ್?” ಎಂದು ಕೇಳಿದ.

“ಎಡಗಡೆಯದನ್ನು ನನ್ನ ಕಣ್ಣೆದುರಿಗೇ ಪೂರ್ತಿ ಹೊಸದಾಗಿ ಮಾಡಿಸಿದ್ದೇನೆ. ಕಳೆದ ತಿಂಗಳಷ್ಟೇ ಪರೀಕ್ಷೆಯಲ್ಲಿ ಪಾಸಾಗಿದೆ” ಎಂದೆ.

ಎರಡೂ ಮಾತು ಸತ್ಯ. ಅವನು 2,000 ಪೌಂಡ್ ಕೊಟ್ಟು, ಕೈ ಕುಲುಕಿ ಹೋದ.

ಪ್ರಿಯ ಓದುಗರೇ, ಒಂದೂ ಸುಳ್ಳು ಹೇಳದೆ ಒಬ್ಬನನ್ನು ವಂಚಿಸಬಹುದು ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅದರ ಬಗ್ಗೆ ಪ್ರಬೋಧನೆಯನ್ನೂ ಮಾಡಿದ್ದೆ. ಅಂದು ಸ್ವತಃ ಮಾಡಿ ತಿಳಿದೆ. ಮೊದಲ ರಾತ್ರಿ ತಾಯಿಯ ಮಾಡನ್ನು ನೆನೆದು ಸಮಾಧಾನ ಮಾಡಿಕೊಂಡೆ. ಎರಡನೆಯ ರಾತ್ರಿ, ನನಗೆ ಮಾರಿದವನೂ ಹೀಗೆಯೇ ಮಾಡಿದನಲ್ಲ ಎಂದುಕೊಂಡೆ. ಮೂರನೆಯ ದಿನ, ಶನಿವಾರ, ಪಾಪನಿವೇದನೆ ಕೇಳಲು ಕುಳಿತಿದ್ದಾಗ, ಬಂದವರ ಒಂದು ಮಾತೂ ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ. ಸಂಜೆ ಆ ತರುಣನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಕಾರನ್ನು ಹಿಂದಿರುಗಿಸಿದರೆ ಪೂರ್ತಿ ಹಣ, ಇಟ್ಟುಕೊಂಡರೆ ಬಲಗಡೆಯ ದುರಸ್ತಿಗೆ ತಗಲುವ ಹಣ ಕೊಡುತ್ತೇನೆಂದೆ.

ಅವನು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ ಇಷ್ಟೇ ಹೇಳಿದ: “ನೀವು ಧರ್ಮಗುರುಗಳು ಎಂದೇ ನಾನು ಬಗ್ಗಿ ನೋಡಲಿಲ್ಲ.”

‘ಪರವಾಗಿಲ್ಲ’ ಎಂದು ಅವನು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಕಾರನ್ನು ಇಟ್ಟುಕೊಂಡ, 700 ಪೌಂಡ್ ಹಿಂದಕ್ಕೆ ಪಡೆದ. ಅಂದಿನ ಲೆಕ್ಕದಲ್ಲಿ ಅದು ಸುಮಾರು 50,000 ರೂಪಾಯಿ. ಆ ವರ್ಷ ನಮ್ಮ ಮನೆಯ ಮಾಡು ಅರ್ಧವಷ್ಟೇ ಹೊಸದಾಯಿತು. ಉಳಿದರ್ಧದ ಕೆಳಗೆ ಅಮ್ಮ ಆ ಮಳೆಗಾಲವೆಲ್ಲ ಪಾತ್ರೆಗಳನ್ನಿಟ್ಟರು. ಹಣ ಏಕೆ ಸಾಲಲಿಲ್ಲವೆಂದು ಅವರಿಗೆ ಹೇಳಿದಾಗ ಒಂದು ಮಾತೂ ಆಡದೆ, ತುಂಬಿದ ಪಾತ್ರೆಯನ್ನು ಎತ್ತಿ ಹೊರಗೆ ಚೆಲ್ಲಿ ಬಂದು, “ಊಟಕ್ಕೆ ಏಳು” ಎಂದರು.

ಆರು ತಿಂಗಳ ನಂತರ ಇಂಗ್ಲೆಂಡಿನಿಂದ ಒಂದು ಲಕೋಟೆ ಬಂದಿತು. ಪತ್ರವಿರಲಿಲ್ಲ, ಒಂದೇ ಒಂದು ಛಾಯಾಚಿತ್ರ. ಹೊದಿಸಿದ ತಗಡನ್ನು ಕತ್ತರಿಸಿ ತೆರೆದ ಬಲಗಡೆಯ ಹೊಸ್ತಿಲು, ಅದರೊಳಗೆ ಕೈಬೆರಳಷ್ಟು ದಪ್ಪ ಪದರುಪದರಾದ ತುಕ್ಕು. ಅಂಚಿನಲ್ಲಿ ಮಾತ್ರ ಈಗಷ್ಟೇ ಉಜ್ಜಿದ ಲೋಹ ಬೆಳ್ಳಗೆ ಹೊಳೆಯುತ್ತಿತ್ತು. ಆ ಚಿತ್ರ ಇಂದಿಗೂ ನನ್ನ ಪ್ರಾರ್ಥನಾ ಪುಸ್ತಕದೊಳಗಿದೆ.

ಬ್ರಿಟನ್ನಿನಲ್ಲಿ 2018ರಿಂದ, ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಾಡು ಮಾಡದ ಕಾರುಗಳಿಗೆ ಆ ವಾರ್ಷಿಕ ಪರೀಕ್ಷೆ ಕಡ್ಡಾಯವಲ್ಲ. ನನ್ನ ಹಸಿರು ಕಾರೂ ಆ ಸಾಲಿಗೆ ಸೇರಿತು. ಅದನ್ನು ಸುಸ್ಥಿತಿಯಲ್ಲಿ ಇಡುವ ಹೊಣೆ ಒಡೆಯನದೇ. ನಾನೂ ಐವತ್ತು ದಾಟಿದ್ದೇನೆ. ಗುರುಮಠದಲ್ಲಿದ್ದಾಗ ನನ್ನನ್ನು ಪರೀಕ್ಷಿಸುವ ಹಿರಿಯರು ಅನೇಕರಿದ್ದರು. ಈಗ ಜನ ಗೌರವದಿಂದ ಕೈಮುಗಿಯುತ್ತಾರೆ. ಬಗ್ಗಿ ನೋಡುವವರು ಯಾರೂ ಇಲ್ಲ.

ಅಂದು ಅಂಗಳದಲ್ಲಿ ಆಶೀರ್ವಾದದ ಪ್ರಾರ್ಥನೆ ಮುಗಿಸಿದ ಮೇಲೆ ನಾನು ಮೊಣಕಾಲೂರಿ, ಕಾರಿನ ಎರಡೂ ಬಾಗಿಲುಗಳ ಕೆಳಗೆ ನಾಲ್ಕು ಹನಿ ಪವಿತ್ರ ಜಲ ಚಿಮುಕಿಸಿದೆ. ಎಂಟು ವರ್ಷದ ಮಗ ನಕ್ಕುಬಿಟ್ಟ: “ಫಾದರ್, ಅಲ್ಲಿ ನೀರು ಬಿದ್ದರೆ ತುಕ್ಕು ಹಿಡಿಯುತ್ತೆ!”

“ನಿಜ ಮಗು” ಎಂದೆ. “ಅದಕ್ಕೇ ಆಗಾಗ ಬಗ್ಗಿ ನೋಡುತ್ತಿರಬೇಕು.”