ಅಕ್ಕನಿಗೆ ಟೋಬಾದಿಂದ

ಟೋಬಾ, ಜಪಾನ್
ಜನವರಿ 14

ಪ್ರೀತಿಯ ಅಕ್ಕ,

ಚಳಿಗೆ ಬೆರಳು ಸೆಟೆದುಕೊಂಡಿವೆ, ಅಕ್ಷರ ಸೊಟ್ಟಗಿದ್ದರೆ ಬಯ್ಯಬೇಡ. ಹೊರಡುವ ದಿನ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಪುಟ್ಟಿ ಮದುವೆಗೆ ಒಂದೆಳೆ ಮುತ್ತಿನ ಸರ ತಾ. ಅಸಲಿ ಮುತ್ತೇ ಆಗಬೇಕು, ಕಲ್ಚರ್ ಬೇಡ.” ನೋಡು, ನೀನು ಬೇಡವೆಂದ ಆ ಕಲ್ಚರ್ ಮುತ್ತಿನ, ಅಂದರೆ ಮನುಷ್ಯ ಚಿಪ್ಪು ಸಾಕಿ ಬೆಳೆಸುವ ಮುತ್ತಿನ, ತವರಿನಲ್ಲೇ ಕೂತು ಈ ಕಾಗದ ಬರೆಯುತ್ತಿದ್ದೇನೆ.

ರೈಲು ಇಳಿದು ಸ್ವಲ್ಪ ನಡೆದರೆ ಕಡಲು, ಒಂದು ಸೇತುವೆ, ಆಚೆಗೊಂದು ಪುಟ್ಟ ದ್ವೀಪ. ಇದೇ ಊರಿನ ಉದೋನ್ ಶಾವಿಗೆ ಅಂಗಡಿಯವರ ಮಗ ಮಿಕಿಮೊಟೊ ಕೊಕಿಚಿ. ಆಗೋ ಕೊಲ್ಲಿಯಲ್ಲಿ ಮುತ್ತಿಗಾಗಿ ಈತ ಸಾಕಿದ್ದ ಚಿಪ್ಪುಗಳೆಲ್ಲ 1892ರಲ್ಲಿ ಕಡಲು ಕೆಂಪೇರಿ ಸತ್ತುಹೋದವು. ಮರುವರ್ಷ ಜುಲೈನಲ್ಲಿ ಈ ದ್ವೀಪದ ಬಳಿ ಉಳಿದಿದ್ದ ಚಿಪ್ಪು ಬಿಚ್ಚಿದರೆ ಒಳಗೆ ಮುತ್ತು! ಅದೂ ಪೂರ್ತಿ ಗುಂಡಲ್ಲ, ಚಿಪ್ಪಿಗೆ ಅಂಟಿಕೊಂಡ ಅರ್ಧ ಮುತ್ತು. ಗುಂಡು ಮುತ್ತಿನ ವಿದ್ಯೆ ಕಂಡುಕೊಂಡವರು ಮಿಸೆ, ನಿಶಿಕಾವಾ ಎಂಬ ಬೇರೆ ಇಬ್ಬರು. ಲೋಕಕ್ಕೆಲ್ಲ ಮಾರಿದವನು ಮಿಕಿಮೊಟೊ, ಹಾಗಾಗಿ ಹೆಸರೂ ಇವನದೇ ನಿಂತಿತು.

ಅಜ್ಜಿ ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದು ಮುತ್ತಾಗುತ್ತದೆ ಎನ್ನುತ್ತಿದ್ದಳು. ಸ್ಕೂಲಿನಲ್ಲಿ ಮೇಷ್ಟ್ರು ಮರಳಿನ ಕಣ ಎಂದರು. ಎರಡೂ ಅಲ್ಲವಂತೆ. ಮರಳು ಹೊಕ್ಕರೆ ಚಿಪ್ಪಿನೊಳಗಿನ ಹುಳ ಅದನ್ನು ಹೊರಕ್ಕೆ ಉಗುಳುತ್ತದೆ. ಗುಟ್ಟಿರುವುದು ಚಿಪ್ಪಿನ ಒಳಮೈಗೆ ಅಂಟಿಕೊಂಡ ತೆಳು ಪೊರೆಯಲ್ಲಿ. ಚಿಪ್ಪಿಗೆ ಆ ಹೊಳಪಿನ ಲೇಪ ಕೊಡುವುದೇ ಅದು. ಅದರ ಒಂದು ಚೂರು ಹೇಗೋ ಮಾಂಸದೊಳಗೆ ಸೇರಿಬಿಟ್ಟರೆ ಅಲ್ಲೇ ಒಂದು ಚೀಲ ಕಟ್ಟಿಕೊಂಡು, ಅದರೊಳಗೆ ಲೇಪ ಸುರಿಯಲು ಶುರುಮಾಡುತ್ತದೆ. ಮನುಷ್ಯ ಮಾಡುವುದು ಇಷ್ಟೆ: ಹುಳದ ಒಡಲನ್ನು ಸಣ್ಣಗೆ ಸೀಳಿ, ಒಂದು ಗುಂಡು ಮಣಿಯನ್ನೂ ಇನ್ನೊಂದು ಚಿಪ್ಪಿನಿಂದ ಕತ್ತರಿಸಿದ ಪೊರೆಯ ಚೂರನ್ನೂ ಒಟ್ಟಿಗೆ ಇಡುತ್ತಾನೆ. ಆ ಮಣಿ ಎಲ್ಲಿಯದು ಗೊತ್ತೇ? ಅಮೆರಿಕದ ಮಿಸಿಸಿಪ್ಪಿ ನದಿಯ ಚಿಪ್ಪನ್ನು ಉಜ್ಜಿ ಮಾಡಿದ್ದು! ಆಮೇಲೆ ಒಂದೆರಡು ವರ್ಷ ಬಲೆಯಲ್ಲಿ ಕಟ್ಟಿ ತೆಪ್ಪದಿಂದ ಇಳಿಬಿಡುತ್ತಾರೆ. ಬಹಳಷ್ಟು ಹುಳಗಳು ನಡುವೆಯೇ ಸಾಯುತ್ತವೆ. ಮುತ್ತು ತೆಗೆದ ಮೇಲೆ ಉಳಿದವೂ ಬದುಕುವುದಿಲ್ಲ. ಇದು ಕೇಳಿ ನನಗೆ ಸ್ವಲ್ಪ ಕಸಿವಿಸಿಯಾಯಿತು, ಮುಚ್ಚಿಡುವುದೇಕೆ.

ಇವತ್ತು ಆಗೋ ಕೊಲ್ಲಿಗೂ ಹೋಗಿ ಬಂದೆ. ಈಗ ಕೊಯ್ಲಿನ ಕಾಲ. ಈ ಕೊರೆಯುವ ನೀರಿನಲ್ಲೇ ಏಕೆ ಎಂದು ಕೇಳಿದೆ. ಬೇಸಿಗೆಯಲ್ಲಿ ಹುಳ ದಡಬಡ ಲೇಪ ಹಾಕುತ್ತದೆ, ಚಳಿಯಲ್ಲಿ ನಿಧಾನಿಸುತ್ತದೆ. ಹಾಗಾಗಿ ಮೇಲಿನ ಪದರಗಳು ತೆಳ್ಳಗೆ, ಒಪ್ಪವಾಗಿ ಕೂರುತ್ತವೆ. ಪದರವೆಂದರೆ ಸುಣ್ಣದ ಹರಳಿನ ಬಿಲ್ಲೆಗಳು, ಸಾವಿರ ಪದರ ಪೇರಿಸಿದರೂ ಅರ್ಧ ಮಿಲಿಮೀಟರ್ ದಾಟುವುದು ಕಷ್ಟ. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಎಲೆಯಡಿಕೆಗೆ ಮಾಡುತ್ತಾರಲ್ಲ, ಆ ಸುಣ್ಣದ ನಂಟೇ! ಬೆಳಕು ಈ ಪದರಗಳೊಳಗೆ ಹೊಕ್ಕು ಮರಳುವಾಗ ಸೋಪಿನ ಗುಳ್ಳೆಯ ಮೇಲಿನ ಹಾಗೆ ಬಣ್ಣ ಆಡುತ್ತದೆ. ಆ ಹೊಳಪಿಗೆ ಇವರು “ತೆರಿ” ಎನ್ನುತ್ತಾರೆ, ಲೇಪದ ದಪ್ಪಕ್ಕೆ “ಮಾಕಿ”.

ಈಗ ಬಣ್ಣದ ಮಾತು. ಮುತ್ತಿನ ಮೈಬಣ್ಣ ಬಿಳಿಯೋ ಕೆನೆಯೋ ಎನ್ನುವುದು ಬಹುಮಟ್ಟಿಗೆ ಆ ಪೊರೆಯ ಚೂರು ಕೊಟ್ಟ ಚಿಪ್ಪಿನ ಗುಣ. ಸಾಕಿದ ತಾಯಿಯನ್ನಲ್ಲ, ಹೆತ್ತವಳನ್ನು ಹೋಲುತ್ತದೆ ಅನ್ನು. ನೀಲಿ ಛಾಯೆ ಬರುವುದು ಮಣಿಗೂ ಲೇಪಕ್ಕೂ ನಡುವೆ ಸಿಕ್ಕಿಕೊಂಡ ಕಪ್ಪು ಪದಾರ್ಥದಿಂದ. ನೀನು ಮೆಚ್ಚುವ ಆ ತಿಳಿಗುಲಾಬಿ ಇದೆಯಲ್ಲ, ಅಂಗಡಿಗೆ ಬರುವ ಮೊದಲು ಮುತ್ತನ್ನು ಬಿಳುಪು ಮಾಡಿ ಸ್ವಲ್ಪ ಬಣ್ಣ ಹಿಡಿಸಿರುವುದೇ ಹೆಚ್ಚು. ಆದ್ದರಿಂದ ಗುಲಾಬಿ ಎಂದು ಮರುಳಾಗಬೇಡ. ಮುತ್ತಿನ ಮೇಲೆ ನಿನ್ನ ಮುಖದ ಬಿಂಬ ಅಂಚು ಕಲಸದೆ ಕಾಣಬೇಕು. ಹಾಲಿನಂತೆ ಮಂಕಾಗಿದ್ದರೆ ಎಷ್ಟೇ ಗುಂಡಾಗಿದ್ದರೂ ಬೇಡ.

ಇನ್ನು ನಿನ್ನ ಅಸಲಿ ಪ್ರಶ್ನೆ. 1920ರ ದಶಕದಲ್ಲಿ ಪ್ಯಾರಿಸ್ಸಿನ ವ್ಯಾಪಾರಿಗಳೂ ನಿನ್ನ ಹಾಗೆಯೇ “ಇದು ನಕಲಿ” ಎಂದು ಕೂಗೆಬ್ಬಿಸಿದ್ದರು. ವಿಷಯ ಕೋರ್ಟಿನವರೆಗೂ ಹೋಯಿತು. ಆದರೆ ಹೊರಗಿನ ಲೇಪ ಅಸಲಿಯಲ್ಲೂ ಕಲ್ಚರಿನಲ್ಲೂ ಒಂದೇ. ನಮ್ಮ ಒಡವೆ ಅಂಗಡಿಯ ಶೆಟ್ಟರು ಹಲ್ಲಿಗೆ ಉಜ್ಜಿ ತರತರ ಎಂದರೆ ಅಸಲಿ ಎನ್ನುತ್ತಾರಲ್ಲ, ಕಲ್ಚರ್ ಮುತ್ತೂ ಹಾಗೇ ತರತರ ಎನ್ನುತ್ತದೆ. ಗಾಜು, ಪ್ಲಾಸ್ಟಿಕ್ ಮಾತ್ರ ಜಾರುತ್ತದೆ. ಒಳಗೆ ಮಣಿ ಇದೆಯೋ ಇಲ್ಲವೋ ಸರಿಯಾಗಿ ಹೇಳುವುದು ಎಕ್ಸ್-ರೇ. ತಾನಾಗಿ ಬೆಳೆದ ಮುತ್ತು ಹೊಂದಿಸಿ ಒಂದು ಸರ ಮಾಡಿಸಬೇಕೆಂದರೆ ಭಾವ ತೋಟ ಮಾರಬೇಕಾದೀತು.

ಇನ್ನೊಂದು ಮಾತು, ಸಿಟ್ಟಾಗಬೇಡ. ಅಪ್ಪ 1982ರಲ್ಲಿ ಹೈದರಾಬಾದಿನಿಂದ ತಂದ ಅಮ್ಮನ ಸರವೂ ಕಲ್ಚರೇ ಇರಬೇಕು. ಅಷ್ಟು ಹೊತ್ತಿಗೆ ಅಂಗಡಿಗಳಲ್ಲಿದ್ದದ್ದು ಹೆಚ್ಚುಪಾಲು ಅದೇ.

ನಾಳಿದ್ದು ಇಲ್ಲಿಂದ ಹೊರಡುತ್ತೇನೆ. ಕಡಲೆಕಾಳಿನ ಗಾತ್ರದ, ಏಳು ಮಿಲಿಮೀಟರಿನ ಬಿಳಿ ಸರವೊಂದನ್ನು ನೋಡಿಟ್ಟಿದ್ದೇನೆ. ಅಲ್ಲಲ್ಲಿ ಸಣ್ಣ ಚುಕ್ಕೆ ಇದೆ, ಆದರೆ ತೆರಿ ಬಹಳ ಚೆನ್ನಾಗಿದೆ. ಈ ಕಾಗದ ನಿನ್ನ ಕೈಸೇರುವ ಮೊದಲೇ ಕೊಂಡಿರುತ್ತೇನೆ, ಬೇಡ ಎನ್ನಲು ನಿನಗೆ ಅವಕಾಶವಿಲ್ಲ. ಅಮ್ಮನ ಸರವನ್ನು ಆ ಪ್ಲಾಸ್ಟಿಕ್ ಕವರಿನಿಂದ ಇವತ್ತೇ ತೆಗೆದು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡು. ಸೆಂಟು ಹಚ್ಚಿಕೊಳ್ಳುವುದಿದ್ದರೆ ಮೊದಲು ಹಚ್ಚಿಕೊಂಡು, ಅದು ಆರಿದ ಮೇಲೆ ಸರ ಹಾಕಿಕೋ.

ಇಂತಿ ನಿನ್ನ ತಂಗಿ